ಭೇರ್ಯದ ಗೆಳೆಯ, ಧಾರವಾಡದ ಟೀ

ನನಗೆ ಮುಖ ನೋಡಿಕೊಂಡು ಮಾತಾಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಮೈಸೂರು ಕಡೆಯ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದವನು ಹೀಗೆಂದರೆ ಯಾರೂ ನಂಬುವುದಿಲ್ಲ. ಆದರೆ ಪಾಠ ಮಾಡುವುದು ಮಾತಾಡುವುದಲ್ಲ ನೋಡಿ. ಅಲ್ಲಿ ಎದುರಿಗೆ ಅರವತ್ತು ಮಕ್ಕಳು ಕೂತಿರುತ್ತಾರೆ, ಯಾರೂ ತಿರುಗಿ ಮಾತಾಡುವುದಿಲ್ಲ, ಮಾತಾಡಿದರೂ ತಪ್ಪು ಉತ್ತರ ಹೇಳುತ್ತಾರೆ. ಹಾಗಾಗಿ ನನಗೆ ಧೈರ್ಯ. ಅದೇ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಸಿಕ್ಕಿ "ಏನ್ ಮೇಷ್ಟ್ರೇ, ಚೆನ್ನಾಗಿದ್ದೀರಾ?" ಎಂದರೆ ಸಾಕು, ನಾನು ಉತ್ತರ ಹುಡುಕಿ ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಹೊರಟುಹೋಗಿರುತ್ತದೆ. ನನ್ನ ಹೆಂಡತಿ ಜಯಮ್ಮನನ್ನು ನೋಡಲು ಹೋಗಿದ್ದಾಗ "ಹುಡುಗೀನ ಏನಾದ್ರೂ ಕೇಳಪ್ಪ" ಎಂದು ಎಲ್ಲರೂ ಒತ್ತಾಯ ಮಾಡಿದರು. ನಾನು ಬಹಳ ಹೊತ್ತು ಯೋಚಿಸಿ, ಮೇಲೆ ನೋಡಿ, "ಫ್ಯಾನು ತಿರುಗ್ತಿಲ್ವಲ್ಲ" ಎಂದೆ. ಕರೆಂಟು ಹೋಗಿತ್ತು. ಜಯಮ್ಮ ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ.

ಇಂಥ ನನ್ನ ಪಾಲಿಗೆ ದೇವರು ಕಣ್ಣು ಬಿಟ್ಟಂತೆ ಬಂದದ್ದು ಇಂಟರ್‌ನೆಟ್ಟು. ಎರಡು ಸಾವಿರದ ಐದಾರರ ಸುಮಾರಿಗೆ ಹ್ಯಾಂಡ್‌ಪೋಸ್ಟಿನ ಜೆರಾಕ್ಸ್ ಅಂಗಡಿಯವರೇ ಒಳಗಡೆ ಪ್ಲೈವುಡ್ ಹಲಗೆ ಅಡ್ಡ ಹೊಡೆದು, ಮೂರು ಕಂಪ್ಯೂಟರ್ ಇಟ್ಟು, ಬ್ರೌಸಿಂಗ್ ಸೆಂಟರ್ ಎಂದು ಬೋರ್ಡು ಹಾಕಿದರು. ರಾಜ್ಯದ ವಿಜ್ಞಾನ ಮೇಷ್ಟ್ರುಗಳದ್ದೊಂದು ಇ-ಮೇಲ್ ಗುಂಪಿತ್ತು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದು ಆ ಹಲಗೆಯ ಹಿಂದೆ ಕೂತೆನೆಂದರೆ ನಾನೇ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿಕೊಂಡು ತಮಾಷೆ ಮಾಡುತ್ತಿದ್ದೆ, ವಾದ ಹೂಡುತ್ತಿದ್ದೆ, ಗುಂಪಿನ ಹಿರಿಯರನ್ನೂ ಕೆಣಕುತ್ತಿದ್ದೆ. ಒಮ್ಮೆ ಬೀದರಿನ ಮೇಷ್ಟ್ರೊಬ್ಬರು "ನಿಮ್ಮಂಥ ಮಾತುಗಾರರ ಪಕ್ಕ ಕೂತು ಹರಟಬೇಕು ಸಾರ್" ಎಂದು ಬರೆದಿದ್ದರು. ಅದನ್ನು ಪ್ರಿಂಟ್ ತೆಗೆಸಿ ಜಯಮ್ಮನಿಗೆ ತೋರಿಸಿದೆ. ಅವಳು ಎರಡು ಸಲ ಓದಿ, "ಇದು ಬೇರೆ ಯಾರ್ಗೋ ಬಂದಿರೋ ಕಾಗ್ದ ಕಣ್ರೀ" ಎಂದು ವಾಪಸ್ಸು ಕೊಟ್ಟಳು.

ಆ ಗುಂಪಿನಲ್ಲಿ ಸಿಕ್ಕಿದವರೇ ಚಂದ್ರೇಗೌಡರು. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದವರು, ನನ್ನ ವಯಸ್ಸಿನವರೇ, ಅಲ್ಲೇ ಹತ್ತಿರದ ಸ್ಕೂಲಿನಲ್ಲಿ ನನ್ನ ಹಾಗೆಯೇ ವಿಜ್ಞಾನ ಮೇಷ್ಟ್ರು. ಮೊದಮೊದಲು ಗುಂಪಿನಲ್ಲಿ ಎಲ್ಲರ ಎದುರಿಗೆ ಜಗಳ ಆಡಿದೆವು. ಆಮೇಲೆ ಇಬ್ಬರೇ ಬೇರೆಯಾಗಿ ಬರೆದುಕೊಳ್ಳತೊಡಗಿದೆವು. ಎರಡು ವರ್ಷದಲ್ಲಿ ನಾವು ಬರೆಯದ ವಿಷಯವಿಲ್ಲ. ಕರೆಂಟಿನ ಪಾಠ ಮಾಡುವ ನನಗೆ ಕರೆಂಟೆಂದರೇ ಭಯ, ಮನೆಯ ಫ್ಯೂಸು ಹೋದರೆ ಜಯಮ್ಮನೇ ಹಾಕುತ್ತಾಳೆ, ನಾನು ಟಾರ್ಚು ಹಿಡಿಯುತ್ತೇನೆ ಎಂಬುದನ್ನು ಈ ಪ್ರಪಂಚದಲ್ಲಿ ನಾನಾಗಿ ಹೇಳಿಕೊಂಡಿದ್ದು ಚಂದ್ರೇಗೌಡರೊಬ್ಬರಿಗೆ. ಅವರೂ ಬಿಚ್ಚು ಮನಸ್ಸಿನವರು. ಕಾವೇರಿ ಹರಿಯುವ ತಾಲ್ಲೂಕಿನಲ್ಲಿ ಹುಟ್ಟಿಯೂ ಈಜು ಬರುವುದಿಲ್ಲವೆಂದೂ, ವಸ್ತುಗಳು ನೀರಿನಲ್ಲಿ ಯಾಕೆ ತೇಲುತ್ತವೆ ಎಂಬ ಪಾಠವನ್ನು ಇಪ್ಪತ್ತು ವರ್ಷದಿಂದ ಬಕೆಟ್ಟು ಇಟ್ಟುಕೊಂಡೇ ಮಾಡುತ್ತಿರುವುದಾಗಿಯೂ ಬರೆದರು. ಓದಿ ನಾನು ಹಲಗೆಯ ಹಿಂದೆ ಒಬ್ಬನೇ ಕೂತು ಬಿದ್ದು ಬಿದ್ದು ನಕ್ಕೆ. ಅಂಥ ಗೆಳೆಯ ನನಗೆ ಜೀವಮಾನದಲ್ಲಿ ಇನ್ನೊಬ್ಬ ಇರಲಿಲ್ಲ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಜಯಮ್ಮನಿಗೆ ಮಾತ್ರ ಇದು ಅರ್ಥವಾಗಲಿಲ್ಲ. "ಯಾರ್ರೀ ಅದು, ವಾರವಾರ ಬರ್ಕೊಂಡು ಕೂತಿರ್ತೀರಲ್ಲ?"

"ನನ್ನ ಗೆಳೆಯ."

"ಎಲ್ಲಿ ನೋಡಿದ್ರಿ?"

"ನೋಡಿಲ್ಲ."

"ನೋಡ್ದೆ ಇರೋರು ಅದೆಂಗ್ರೀ ಗೆಳೆಯ ಆಯ್ತಾರೆ? ಭೇರ್ಯ ಏನು ಏಳು ಸಮುದ್ರದಾಚೆ ಐತಾ? ಒಂದ್ಸಲ ಓಗಿ ಮುಖ ನೋಡ್ಕೊಂಡ್ ಬನ್ನಿ."

ಹೇಳುವುದು ಸುಲಭ. ಹ್ಯಾಂಡ್‌ಪೋಸ್ಟಿನಿಂದ ಹುಣಸೂರು, ಹುಣಸೂರಿನಿಂದ ಕೆ.ಆರ್. ನಗರ, ಅಲ್ಲಿಂದ ಭೇರ್ಯ. ಮೂರು ಬಸ್ಸು ಹತ್ತಿ ಇಳಿದರೆ ಮುಗಿಯಿತು. ಆದರೆ ಹೋಗಿ ಏನೆಂದು ಹೇಳುವುದು? ನಮ್ಮ ಕಡೆ ಒಬ್ಬರ ಮನೆಗೆ ಹೋಗಬೇಕಾದರೆ ಒಂದು ಕಾರಣ ಬೇಕು. ಮದುವೆ ಕರೆಯುವುದಕ್ಕೆ ಹೋಗಬಹುದು, ಸಾವಿಗೆ ಹೋಗಬಹುದು, ಎತ್ತು ನೋಡುವುದಕ್ಕೆ ಹೋಗಬಹುದು, ಹೆಣ್ಣು ಕೇಳುವುದಕ್ಕೆ ಹೋಗಬಹುದು. ಯಾವುದೂ ಇಲ್ಲದೆ ನೆಂಟನೂ ಅಲ್ಲದ ಗಂಡಸು ಸುಮ್ಮನೆ ಹೋಗಿ ಜಗಲಿಯ ಮೇಲೆ ಕೂತರೆ, ಆ ಮನೆಯವರು ನೀರು ಕೊಟ್ಟು, ಕಾಫಿ ಕೊಟ್ಟು, ಊಟವನ್ನೂ ಹಾಕಿ, "ಏನ್ ಬಂದಿದ್ದು?" ಎಂಬ ಪ್ರಶ್ನೆಯನ್ನು ಕಣ್ಣಲ್ಲೇ ಇಟ್ಟುಕೊಂಡು ಸಂಜೆಯವರೆಗೆ ಕಾಯುತ್ತಾರೆ. ಒಂದು ಸಲ ನಾನು ಧೈರ್ಯ ಮಾಡಿ ಹುಣಸೂರಿನವರೆಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಆ ಕಣ್ಣುಗಳನ್ನು ನೆನೆಸಿಕೊಂಡೆ. ಕಾಲು ಕೆ.ಜಿ. ಖಾರಾಬೂಂದಿ ಕಟ್ಟಿಸಿಕೊಂಡು ವಾಪಸ್ಸು ಬಂದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರೇನೋ. ಫೋನಿನಲ್ಲಿ ಮುಖ ಕಾಣುವುದಿಲ್ಲ ನಿಜ, ಆದರೆ ಆ ಕಡೆಯವರು ಉತ್ತರಕ್ಕೆ ಕಾಯುತ್ತಿರುವುದು ಕೇಳಿಸುತ್ತದೆ. ಅದು ನನಗಾಗದು.

ಅಷ್ಟರಲ್ಲಿ ಧಾರವಾಡದಲ್ಲಿ ವಿಜ್ಞಾನ ಶಿಕ್ಷಕರ ಮೂರು ದಿನದ ಸಮ್ಮೇಳನ ಗೊತ್ತಾಯಿತು. ಇಬ್ಬರಿಗೂ ಸ್ವರ್ಗ ಸಿಕ್ಕಂತಾಯಿತು. ಸಮ್ಮೇಳನವೆಂದರೆ ಕಾರಣ! ಯಾರೂ ಏನೂ ಕೇಳುವಂತಿಲ್ಲ, ಇಲಾಖೆಯೇ ರಜೆ ಕೊಟ್ಟು ಕಳಿಸುತ್ತದೆ. ಮೂರು ಬಸ್ಸಿನ ದಾರಿಯಲ್ಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡುವುದಕ್ಕೆ ರೈಲಿನಲ್ಲಿ ಅರ್ಧ ಕರ್ನಾಟಕ ದಾಟಿ ಧಾರವಾಡಕ್ಕೆ ಹೊರಟೆವು. ಅದೂ ಬೇರೆ ಬೇರೆ ದಿನ, ಬೇರೆ ಬೇರೆ ರೈಲಿನಲ್ಲಿ! ಮೈಸೂರಿನಿಂದ ಜೊತೆಗೇ ಹೋಗೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅಷ್ಟು ಹೊತ್ತು ಎದುರುಬದುರು ಕೂತಿರುವುದು ಹೇಗೆ? ಏನೇನು ಮಾತಾಡಬೇಕೆಂದು ನಾವು ಹದಿನಾರು ಪತ್ರ ಬರೆದುಕೊಂಡಿದ್ದೆವು.

ಸಮ್ಮೇಳನದ ಮೊದಲ ದಿನ ಬೆಳಿಗ್ಗೆ, ಬಟ್ಟೆಚೀಲ ಕೊಡುವ ಮೇಜಿನ ಹತ್ತಿರ, ಎದೆಗೆ ಚುಚ್ಚಿದ ಬ್ಯಾಡ್ಜಿನಲ್ಲಿ ಅವರ ಹೆಸರು ಕಂಡೆ. ಸಣಕಲು ಮನುಷ್ಯ, ಗಡಸು ದನಿ ಎಂದೆಲ್ಲ ಅಂದುಕೊಂಡಿದ್ದೆ. ನೋಡಿದರೆ ಬಾಗಿಲು ತುಂಬುವ ಆಳು. ದನಿ ಮಾತ್ರ ಏಳನೇ ಕ್ಲಾಸಿನ ಹುಡುಗಿಯದು.

"ನೀವೇನಾ?" ಎಂದರು.

"ಹೂಂ, ನಾನೇ. ನೀವು?"

"ನಾನೂ."

ಆಮೇಲೆ ಇಬ್ಬರೂ ನಕ್ಕೆವು. ನಗು ಮುಗಿಯಿತು. ಏನಾದರೂ ಹೇಳಬೇಕಲ್ಲ ಎಂದು ನಾನು "ಊಟ ಆಯ್ತಾ?" ಎಂದೆ. ಬೆಳಿಗ್ಗೆ ಒಂಬತ್ತೂವರೆ. ಅವರು ಪಾಪ, ಒಂದಿಷ್ಟೂ ಅನುಮಾನ ಪಡದೆ "ಇನ್ನೂ ಇಲ್ಲ" ಎಂದರು. ಹದಿನಾರು ಪತ್ರದ ಮಾತು ಅಲ್ಲಿಗೆ ಮುಗಿಯಿತು. ಮೂರು ದಿನ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತೆವು, ಒಟ್ಟಿಗೇ ಎದ್ದೆವು, ಒಟ್ಟಿಗೇ ಊಟದ ಸಾಲಿನಲ್ಲಿ ನಿಂತೆವು. ನೋಡಿದವರು ಜಗಳವಾಡಿದ ಅಣ್ಣತಮ್ಮಂದಿರು ಎಂದುಕೊಂಡಿರಬೇಕು. ಗುಂಪಿನ ಬೇರೆಯವರು ಬಂದು ನನ್ನನ್ನು ಮಾತಾಡಿಸಿ, ಇವನಲ್ಲ ಆ ಮಾತುಗಾರ ಎಂಬ ಮುಖ ಮಾಡಿಕೊಂಡು ಹೋದರು. ದಿನಕ್ಕೆರಡು ಸಲ ಟೀ ಬರುತ್ತಿತ್ತು. ಚಂದ್ರೇಗೌಡರು ಒಂದು ಗುಟುಕು ಕುಡಿದು, ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ನೀವು ತಗೊಳ್ಳಿ" ಎನ್ನುತ್ತಿದ್ದರು. ಟೀ ಸೇರದೇನೋ ಎಂದು ನಾನು ಎರಡು ಲೋಟವನ್ನೂ ಕುಡಿಯುತ್ತಿದ್ದೆ. ನಮ್ಮ ನಡುವೆ ಆದ ಕೊಡುಕೊಳ್ಳುವಿಕೆ ಅಂದರೆ ಅದೊಂದೇ. ಕೊನೆಯ ದಿನ ಹೊರಡುವಾಗ ಅವರು "ಬನ್ನಿ ಒಂದ್ಸಲ ಮನೆ ಕಡೆ" ಎಂದರು. ನಾನೂ "ನೀವೂ ಬನ್ನಿ" ಎಂದೆ. ನಮ್ಮ ಕಡೆ ಅದರ ಅರ್ಥ ಇಷ್ಟೇ: ಸರಿ, ಇನ್ನು ಹೊರಡೋಣ.

ಊರಿಗೆ ಬಂದ ಮೇಲೆ ಒಂದು ವಾರ ಅವರಿಂದ ಪತ್ರವಿಲ್ಲ. ಎರಡು ವಾರ ಇಲ್ಲ. ನಾನೂ ಬರೆಯಲಿಲ್ಲ. ಏನೆಂದು ಬರೆಯುವುದು? ಬರೆಯಲು ಕೂತರೆ ಬಾಗಿಲು ತುಂಬುವ ಆ ದೊಡ್ಡ ಮನುಷ್ಯ ಲೋಟ ಸರಿಸುವುದು ಕಾಣುತ್ತಿತ್ತು. ನೋಡದೆ ಇದ್ದಾಗ ಎರಡು ವರ್ಷ ಇದ್ದ ಗೆಳೆಯ ನೋಡಿದ ಮೂರೇ ದಿನಕ್ಕೆ ಹೋಗಿಬಿಟ್ಟನೇ? ಈ ಲೆಕ್ಕ ನನಗೆ ಬಗೆಹರಿಯಲಿಲ್ಲ. ಶನಿವಾರ ಸೆಂಟರಿಗೆ ಹೋಗಿ, ಅವರ ಹೆಸರಿಲ್ಲದ ಇ-ಮೇಲ್ ಪೆಟ್ಟಿಗೆ ನೋಡಿ, ಬಂದು ಮಂಕಾಗಿ ಕೂರುತ್ತಿದ್ದೆ. ಜಯಮ್ಮ "ಮುಖ ನೋಡ್ಕೊಂಡ್ ಬಂದ್ರಲ್ಲ, ಈಗೇನಾಯ್ತು?" ಎಂದಳು. ಅದೇ ಆಯ್ತು ಎಂದು ಹೇಳಲೂ ನನಗೆ ಬಾಯಿ ಬರಲಿಲ್ಲ.

ಮೂರನೇ ವಾರದ ಭಾನುವಾರ, ಹನ್ನೊಂದು ಗಂಟೆಗೆ ಮನೆಯ ಮುಂದೆ ಒಂದು ವ್ಯಾನು ನಿಂತಿತು. ಚಂದ್ರೇಗೌಡರು ಇಳಿದರು. ಅವರ ಹಿಂದೆ ರೇಷ್ಮೆ ಸೀರೆಯುಟ್ಟ ಅವರ ಹೆಂಡತಿ ಪುಟ್ಟಮ್ಮ. ವ್ಯಾನು ಓಡಿಸಿಕೊಂಡು ಬಂದ ಮಗ ಪ್ರದೀಪ, ಕೃಷಿ ಇಲಾಖೆಯಲ್ಲಿ ನೌಕರಿ, ಇಸ್ತ್ರಿ ಮಾಡಿದ ಬಿಳಿ ಷರ್ಟು. ಮೂರು ಜನ ಒಟ್ಟಿಗೆ ಒಂದು ಮನೆಗೆ ಹೋಗಬಾರದೆಂದು ನಾಲ್ಕನೆಯವರಾಗಿ ಪುಟ್ಟಮ್ಮನವರ ಅಣ್ಣ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಮಲ್ಲಿಗೆ ಹೂವು, ಸ್ವೀಟಿನ ಡಬ್ಬಿ. ನನ್ನ ಮಗಳು ಸುಮ ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಅವತ್ತು ಮನೆಗೆ ಬಂದಿದ್ದಳು. ನೀವೇ ಹೇಳಿ, ನಮ್ಮ ಕಡೆಯವರು ಯಾರೇ ಆದರೂ ಇದನ್ನು ಏನೆಂದು ತಿಳಿಯಬೇಕು? ಜಯಮ್ಮ ಕಿಟಕಿಯಲ್ಲಿ ಒಂದು ಸಲ ನೋಡಿದಳು. "ಎಂಥ ಮನುಷ್ರು ಕಣ್ರೀ ನೀವು! ಒಂದ್ ಮಾತ್ ಮುಂಚೆ ಯೋಳಾಕಾಗ್ತಿರ್ಲಿಲ್ವಾ?" ಎಂದು ನನ್ನನ್ನು ಉಗಿದು, ರವೆ ಡಬ್ಬಿಗೆ ಕೈ ಹಾಕಿದಳು. ಸುಮಳನ್ನು ರೂಮಿಗೆ ಅಟ್ಟಿದಳು. ಹತ್ತು ನಿಮಿಷದಲ್ಲಿ ಒಳಗಿನಿಂದ ಕೇಸರಿಬಾತಿನ ವಾಸನೆ ಬಂತು.

"ಅಂಗಲ್ಲ ಕಣೇ, ಅವರು ನನ್ನ ಇ-ಮೇಲು…" ಎಂದೆ.

"ಯಾವ ಮೇಲೂ ಬ್ಯಾಡ, ಓಗಿ ಪಂಚೆ ಬದಲಾಯಿಸ್ಕೊಳ್ಳಿ."

ಪಡಸಾಲೆಯಲ್ಲಿ ನಾನೂ ಚಂದ್ರೇಗೌಡರೂ ಎದುರುಬದುರು ಕೂತೆವು. ಅವರ ಹಣೆಯ ಮೇಲೆ ಬೆವರು. ಅವರು ಬಂದದ್ದು ಇದಕ್ಕಲ್ಲ ಎಂಬುದು ನನಗೆ ಗೊತ್ತಿತ್ತು; ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಆದರೆ ಹೇಳುವವರು ಯಾರು? ಅಡುಗೆಮನೆಯಲ್ಲಿ ಹೆಂಗಸರ ಮಾತು ಜೋರಾಗಿತ್ತು. "ನಿಮ್ ತಾಯಿ ಮನೆ ಯಾವೂರು ಅಕ್ಕ?" "ಪಿರಿಯಾಪಟ್ಟಣದ ಕಡೆ ಕಣವ್ವ." "ಅಯ್ಯೋ, ನಮ್ ದೊಡ್ಡಮ್ಮನ್ನ ಕೊಟ್ಟಿರೋದೂ ಅಲ್ಲೇಯಾ! ಅಂಗಾದ್ರೆ ನಾವು ಹೊರಗ್ನೋರಲ್ಲ ಬುಡಿ." ಸುಮ ಕಾಫಿ ತಂದಳು. ಪ್ರದೀಪ ನೆಲ ನೋಡಿದ. ಚಂದ್ರೇಗೌಡರು ಈ ಸಲ ಲೋಟ ಸರಿಸದೆ ಪೂರ್ತಿ ಕುಡಿದರು. ಕಾಫಿ ಸೇರುತ್ತದೆ, ಟೀ ಮಾತ್ರ ಸೇರದು ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಊಟ ಮುಗಿಸಿ ಹೊರಡುವಾಗ ಪುಟ್ಟಮ್ಮನವರ ಅಣ್ಣ "ಸರಿ ಮೇಷ್ಟ್ರೇ, ನಿಮ್ ಅಭಿಪ್ರಾಯ ತಿಳ್ಸಿ" ಎಂದರು. ನಾನು ಚಂದ್ರೇಗೌಡರ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು.

ಆಗ ಶುರುವಾಯಿತು ನನ್ನ ನಿಜವಾದ ಫಜೀತಿ. ಆಗುವುದಿಲ್ಲ ಎಂದರೆ ಮುಗಿಯಿತು. ಹೆಣ್ಣು ಕೇಳಿ ಬಂದು ಇಲ್ಲವೆನ್ನಿಸಿಕೊಂಡ ಮನೆಯವರು ಆಮೇಲೆ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಾರೆ. ಆಗಲಿ ಎಂದರೋ, ಚಂದ್ರೇಗೌಡರು ಬೀಗರಾಗುತ್ತಾರೆ. ಬೀಗರ ಹತ್ತಿರ ಫ್ಯೂಸಿನ ಭಯ ಹೇಳಿಕೊಳ್ಳಲಾಗುತ್ತದೆಯೇ? ಬೀಗರೆಂದರೆ ಮರ್ಯಾದೆ, ಶಲ್ಯ, ಎಲೆಯ ತುದಿಗೆ ಇನ್ನೊಂದು ಹೋಳಿಗೆ. ಹೇಗೆ ನೋಡಿದರೂ ಗೆಳೆಯ ಉಳಿಯುವುದಿಲ್ಲ! ಮಗಳ ಮದುವೆಯ ವಿಷಯ ಯೋಚಿಸಬೇಕಾದ ತಂದೆ ತನ್ನ ಸ್ನೇಹದ ವಿಷಯ ಯೋಚಿಸುತ್ತ ಕೂತಿದ್ದೇನಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಸುಮಳಿಗೆ ನಮ್ಮಷ್ಟು ಗೊಂದಲವಿರಲಿಲ್ಲ. "ಅಪ್ಪ, ಹುಡುಗ ಒಳ್ಳೆಯವನೇ ಇರ್ಬೋದು. ನಾನು ಎಂ.ಎಸ್ಸಿ. ಓದ್ತೀನಿ. ಈಗ ಮದ್ವೆ ಬೇಡ" ಎಂದಳು. ಸರಿ, ಹೇಳಬೇಕು. ಮಧ್ಯಸ್ಥರಿದ್ದರೆ ಅವರ ಬಾಯಲ್ಲಿ ಹೇಳಿಸಬಹುದಿತ್ತು. ನಮ್ಮ ನಡುವೆ ಇದ್ದ ಮಧ್ಯಸ್ಥನೆಂದರೆ ಆ ಪ್ಲೈವುಡ್ ಹಲಗೆಯ ಹಿಂದಿನ ಕಂಪ್ಯೂಟರೊಂದೇ. ಮಂಗಳವಾರ ಸ್ಕೂಲು ಬಿಟ್ಟ ಕೂಡಲೇ ಹೋಗಿ ಕೂತೆ. ತೆರೆದರೆ, ಚಂದ್ರೇಗೌಡರ ಪತ್ರ ಸೋಮವಾರವೇ ಬಂದು ಕೂತಿದೆ!

"ಮೇಷ್ಟ್ರೇ, ಕ್ಷಮಿಸಬೇಕು" ಎಂದು ಶುರು ಮಾಡಿದ್ದರು. ಧಾರವಾಡದಲ್ಲಿ ತಾವು ಮರದ ಕೊರಡಿನ ಹಾಗೆ ಕೂತಿದ್ದಕ್ಕೆ ನಾಚಿಕೆಯಾಗಿ ಮೂರು ವಾರ ಬರೆಯಲಿಲ್ಲವಂತೆ. ಇದು ಹೀಗೇ ಬಿಟ್ಟರೆ ಕೆಟ್ಟುಹೋಗುತ್ತದೆ, ಒಂದು ಸಲ ಮನೆಗೇ ಹೋಗಿ ಬಾಯಿ ಬಿಟ್ಟು ಮಾತಾಡಿ ಬರೋಣ ಎಂದು ಹೊರಟರಂತೆ. ಒಬ್ಬರೇ ಬರಲು ಧೈರ್ಯ ಸಾಲದೆ ಹೆಂಡತಿಯನ್ನು ಕರೆದರಂತೆ. ಪುಟ್ಟಮ್ಮನವರು "ಅವ್ರ ಮನೇಲಿ ಮಗ್ಳು ಅವ್ಳಾ?" ಎಂದು ಕೇಳಿದರಂತೆ. ಇವರು "ಅವ್ಳೆ" ಎಂದರಂತೆ. ಅಷ್ಟೇ ಆದದ್ದು. ಆಮೇಲಿನದೆಲ್ಲ ತಾನೇ ನಡೆಯಿತು, ತಡೆಯಲು ಬಾಯಿ ಬರಲಿಲ್ಲ. ಕೊನೆಯಲ್ಲಿ ಬರೆದಿದ್ದರು: "ನಿಮ್ಮ ಮಗಳು ಒಪ್ಪಿದರೆ ನಮ್ಮ ಪುಣ್ಯ. ಒಪ್ಪದಿದ್ದರೆ, ಸುಳ್ಳು ಯಾಕೆ ಹೇಳಲಿ, ನನಗೆ ಒಂದು ಕಡೆ ನೆಮ್ಮದಿ. ಬೀಗರಿಗೆ ಈಜಿನ ವಿಷಯ ಬರೆಯುವುದು ಹೇಗೆ?"

ಓದಿ ನನ್ನ ಕಣ್ಣು ತುಂಬಿತು. ಸುಮ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು, ಅದರ ಕೆಳಗೆ ಮೂರು ವಾರದ ಮಾತನ್ನೆಲ್ಲ ಸುರಿದೆ. ಅಂತೂ ಗೆಳೆಯ ಉಳಿದ. ಇನ್ನು ಹೆಂಗಸರ ನಡುವೆ ಮನಸ್ತಾಪ ಗ್ಯಾರಂಟಿ ಎಂದುಕೊಂಡೆ. ಮುಂದಿನ ಭಾನುವಾರ ಪುಟ್ಟಮ್ಮನವರೇ ಫೋನು ಮಾಡಿದರು. "ಓಗ್ಲಿ ಬುಡಿ ಅಕ್ಕ, ಋಣ ಇರ್ಲಿಲ್ಲ. ಆ ನಿಂಬೆಕಾಯ್ ಉಪ್ಪಿನ್‌ಕಾಯಿ ಎಂಗಾಕಿದ್ರಿ, ಅದ್ ಯೋಳಿ" ಎಂದು ಶುರುವಾದದ್ದು ಮುಕ್ಕಾಲು ಗಂಟೆ ನಡೆಯಿತು. ಅವತ್ತಿನಿಂದ ಪ್ರತಿ ಭಾನುವಾರ ನಡೆಯುತ್ತಿದೆ. ಒಂದು ದಿನ ಫೋನಿಟ್ಟ ಜಯಮ್ಮ "ಪಾಪ, ನಿಮ್ ಗೆಳೆಯರಿಗೆ ಸಕ್ಕರೆ ಕಾಯಿಲೆ ಏರೈತಂತೆ" ಎಂದಳು.

"ಯಾವ ಸಕ್ಕರೆ ಕಾಯಿಲೆ?"

"ಇದೆಂಥ ಸ್ನೇಹಾನ್ರೀ ನಿಮ್ದು! ಐದ್ ವರ್ಷದಿಂದ ಐತಂತೆ. ಅವತ್ತು ಕಾಫಿ ಬೆರೆಸ್ವಾಗ್ಲೇ ಪುಟ್ಟಮ್ಮ ಯೋಳಿದ್ರು, ಅವ್ರ ಲೋಟಕ್ಕೆ ಸಕ್ರೆ ಆಕ್ಬೇಡಿ ಅಂತ."

ಎರಡು ವರ್ಷ ಬರೆದವನಿಗೆ ಗೊತ್ತಿಲ್ಲ. ಮೂರು ದಿನ ಪಕ್ಕದಲ್ಲಿ ಕೂತು ಅವರ ಪಾಲಿನ ಟೀಯನ್ನೆಲ್ಲ ಕುಡಿದವನಿಗೆ ಗೊತ್ತಿಲ್ಲ. ಒಲೆಯ ಮುಂದೆ ಒಂದು ನಿಮಿಷ ನಿಂತವಳಿಗೆ ಗೊತ್ತು! ಹಾಗಾದರೆ ನನ್ನ ಗೆಳೆಯ ಇರುವುದೆಲ್ಲಿ, ಪತ್ರದಲ್ಲೋ, ಕುರ್ಚಿಯಲ್ಲೋ, ಜಯಮ್ಮನ ಫೋನಿನಲ್ಲೋ? ನನಗೆ ತಲೆ ಕೆಟ್ಟುಹೋಯಿತು. ಅವರಾಗಿ ಬರೆಯದ್ದನ್ನು ನಾನಾಗಿ ಕೇಳುವುದು ಸರಿಯಲ್ಲ. ಆದರೆ ಒಂದು ತೀರ್ಮಾನ ಮಾಡಿದೆ: ಮುಂದಿನ ಸಮ್ಮೇಳನದಲ್ಲಿ, ಬಾಯಲ್ಲಿ ಹೇಳಲಾಗದಿದ್ದರೆ ಹೋಗಲಿ, ಕೈಯಲ್ಲಿ ಮಾಡಿ ತೋರಿಸುತ್ತೇನೆ.

ಮುಂದಿನ ವರ್ಷದ ಸಮ್ಮೇಳನ ಗುಲ್ಬರ್ಗದಲ್ಲಿ. ಇನ್ನೂ ದೂರ. ಮತ್ತೆ ಬೇರೆ ಬೇರೆ ರೈಲಿನಲ್ಲಿ ಹೋದೆವು, ಮತ್ತೆ ಅಕ್ಕಪಕ್ಕ ಕೂತೆವು. ಮಧ್ಯಂತರದಲ್ಲಿ ಚಂದ್ರೇಗೌಡರು ಏಳುವ ಮೊದಲೇ ನಾನು ಓಡಿದೆ. ಟೀ ಕೊಡುವವರನ್ನು ಬೇಡಿಕೊಂಡು ಒಂದು ಲೋಟ ಸಕ್ಕರೆಯಿಲ್ಲದ್ದು ಮಾಡಿಸಿ ಬಲಗೈಯಲ್ಲೂ, ನನ್ನದನ್ನು ಎಡಗೈಯಲ್ಲೂ ಹಿಡಿದು ಹೊರಟೆ. ದಾರಿಯಲ್ಲಿ ಬೀದರಿನ ಆ ಮೇಷ್ಟ್ರು ಎದುರಾಗಿ "ನಮಸ್ಕಾರ ಸಾರ್!" ಎಂದರು. ಲೋಟಗಳನ್ನು ಕಿಟಕಿಯ ಮೇಲಿಟ್ಟು, ಕೈ ಮುಗಿದು, ಏನೂ ಮಾತು ತೋಚದೆ ಮತ್ತೊಮ್ಮೆ ಕೈ ಮುಗಿದು, ಲೋಟ ಎತ್ತಿಕೊಂಡು ಬಂದೆ. ಬಲಗೈಯ ಲೋಟವನ್ನು ಗೆಳೆಯನ ಮುಂದಿಟ್ಟೆ. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಈ ಸಲ ಲೋಟ ಸರಿಸಲಿಲ್ಲ. ಕಣ್ಣಲ್ಲಿ ನೀರಾಡಿದ ಹಾಗಿತ್ತು. ತಳದವರೆಗೂ ಕುಡಿದರು.

"ಹೆಂಗಿದೆ?" ಎಂದೆ.

"ಚೆನ್ನಾಗಿದೆ" ಎಂದರು.

ಜೀವಮಾನದಲ್ಲಿ ಮೊದಲ ಸಲ ನಾನು ಒಬ್ಬರ ಎದುರಿಗೆ ಕೂತು ಹೇಳಬೇಕಾದ್ದನ್ನು ಹೇಳಿದ್ದೆ. ಆ ಖುಷಿಯಲ್ಲಿ ನನ್ನ ಟೀ ಸಪ್ಪಗಿದ್ದದ್ದೂ ನನಗೆ ಬೇಸರವೆನ್ನಿಸಲಿಲ್ಲ. ಆ ಕಡೆಯವರು ಸಕ್ಕರೆ ಕಡಿಮೆ ಹಾಕುತ್ತಾರೇನೋ ಎಂದುಕೊಂಡೆ.

ಊರಿಗೆ ಬಂದ ಶನಿವಾರ ಚಂದ್ರೇಗೌಡರ ಪತ್ರ ಬಂದಿತ್ತು. "ಮೇಷ್ಟ್ರೇ, ಒಂದು ವಿಷಯ ನಿಮಗೆ ಬರೆದೇ ಇರಲಿಲ್ಲ, ತಪ್ಪು ನನ್ನದು. ಕಾಯಿಲೆಯ ಮನುಷ್ಯ ಎಂದು ನೀವು ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟರೆ ಎಂಬ ಹೆದರಿಕೆ. ನನಗೆ ಸಕ್ಕರೆ ಕಾಯಿಲೆ. ಗುಲ್ಬರ್ಗದಲ್ಲಿ ನೀವು ಅಷ್ಟು ದೂರದಿಂದ ಎರಡೂ ಕೈಯಲ್ಲಿ ಟೀ ಹಿಡಿದುಕೊಂಡು ಬಂದಿರಿ. ನಿಮ್ಮ ಮುಖದಲ್ಲಿದ್ದ ಸಂತೋಷ ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲ. ಕುಡಿದುಬಿಟ್ಟೆ. ಪಾಯಸದ ಹಾಗಿತ್ತು."

ಕಿಟಕಿಯ ಮೇಲಿಟ್ಟು ಎತ್ತಿಕೊಂಡ ಆ ಎರಡು ಲೋಟಗಳು ನನ್ನ ಕಣ್ಣ ಮುಂದೆ ಬಂದವು. ಆಮೇಲೆ ಉತ್ತರ ಶುರುಮಾಡಿದೆ: "ಗೌಡ್ರೇ, ಈ ಸಲವೂ ನಿಮ್ಮ ಟೀ ಕುಡಿದವನು ನಾನೇ."